ರೆಮಿಟಿಟರ್ ಎಂದರೇನು? ಜ್ಯೂರಿ ಕೊಟ್ಟ ಪರಿಹಾರದ ಮೇಲೆ ಅಪೀಲು ಹೋದಾಗ ನಡೆಯುವುದೇನು?

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಮೆಕ್ಸಿಕೊ ಗಡಿಗೆ ಅಂಟಿಕೊಂಡಂತೆ ರಿಯೊ ಗ್ರಾಂಡ್ ಸಿಟಿ ಎಂಬ ಊರಿದೆ. ಅಲ್ಲಿನ ವಾಲ್‌ಮಾರ್ಟ್ ಅಂಗಡಿಗೆ ಒಬ್ಬ ಮಹಿಳೆ ಮನೆಯವರ ಜೊತೆ ಹೋಗಿದ್ದರು. ಅಂಗಡಿಯೊಳಗೇ ಇದ್ದ ಕೆಫೆಟೇರಿಯಾ ಕಡೆಯಿಂದ ಬರುವಾಗ ನೆಲದ ಮೇಲೆ ಚೆಲ್ಲಿದ್ದ ಬೇಯಿಸಿದ ಮ್ಯಾಕರೋನಿ ತುಳಿದು ಜಾರಿ ಬಿದ್ದರು. ಬೆನ್ನು, ಭುಜ, ಮಂಡಿಗೆ ಪೆಟ್ಟಾಯಿತು. ದಾವೆ ಹೂಡಿದರು. ಜ್ಯೂರಿ, ಅಂದರೆ ತೀರ್ಮಾನ ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, 1 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ವಾಲ್‌ಮಾರ್ಟ್ ಅಪೀಲು ಹಾಕಿತು. ಮೇಲಿನ ಕೋರ್ಟು ತಪ್ಪು ಅಂಗಡಿಯದೇ ಎಂದು ಒಪ್ಪಿತು, ಮೊತ್ತವನ್ನು ಮಾತ್ರ ಸ್ವಲ್ಪ ಇಳಿಸಿತು. ಅದರ ಮೇಲೆ ಮತ್ತೊಂದು ಅಪೀಲು. 1998ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟು ಇಡೀ ಪರಿಹಾರವನ್ನೇ ತೆಗೆದುಹಾಕಿತು. ಆ ಮಹಿಳೆಗೆ ಒಂದು ಡಾಲರೂ ಸಿಗಲಿಲ್ಲ.

ಒಂದೇ ಮೊಕದ್ದಮೆ, ಮೂರು ಕೋರ್ಟು, ಮೂರು ಉತ್ತರ. ನಡುವಿನ ಕೋರ್ಟು ಮಾಡಿದ್ದರ ಹೆಸರೇ ರೆಮಿಟಿಟರ್. ಅದು ಅರ್ಥವಾಗಬೇಕಾದರೆ ಮೊದಲು ಮೇಲಿನ ಕೋರ್ಟು ಏನನ್ನು ಕೇಳುತ್ತದೆ, ಏನನ್ನು ಕೇಳುವುದಿಲ್ಲ ಎಂದು ನೋಡಬೇಕು.

ಅಪೀಲು ಎಂದರೆ ಕೇಸು ಮತ್ತೆ ಮೊದಲಿನಿಂದ ನಡೆಯುತ್ತದೆ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಸಾಕ್ಷಿಗಳು ಮತ್ತೆ ಬರುವುದಿಲ್ಲ, ಹೊಸ ಎಕ್ಸ್‌ರೇ ತೋರಿಸುವ ಹಾಗಿಲ್ಲ. ಕೆಳಗಿನ ಕೋರ್ಟಿನಲ್ಲಿ ದಾಖಲಾದ ಹಾಳೆಗಳಷ್ಟೇ ಮೇಲಿನ ನ್ಯಾಯಾಧೀಶರ ಮುಂದೆ ಇರುತ್ತವೆ. ಆ ಹಾಳೆಗಳನ್ನು ಇಟ್ಟುಕೊಂಡು ಅವರು ಕೇಳುವ ಮುಖ್ಯ ಪ್ರಶ್ನೆ ಎರಡು. ತಪ್ಪು ಅಂಗಡಿಯದು ಎಂದು ಹೇಳಲು ಕಾನೂನು ಒಪ್ಪುವಷ್ಟು ಸಾಕ್ಷ್ಯ ಇತ್ತೇ? ಇದ್ದರೆ, ಜ್ಯೂರಿ ಕೊಟ್ಟ ಮೊತ್ತ ಆ ಸಾಕ್ಷ್ಯಕ್ಕೆ ತಾಳೆಯಾಗುತ್ತದೆಯೇ?

ಮ್ಯಾಕರೋನಿ ಕೇಸು ಕೊನೆಗೆ ಬಿದ್ದಿದ್ದು ಮೊದಲ ಪ್ರಶ್ನೆಯಲ್ಲಿ. ಟೆಕ್ಸಸ್ ಕಾನೂನಿನ ಪ್ರಕಾರ ನೆಲದ ಮೇಲೆ ಏನೋ ಚೆಲ್ಲಿತ್ತು ಎಂದು ತೋರಿಸಿದರೆ ಸಾಲದು. ಅದು ಅಲ್ಲಿರುವುದು ಅಂಗಡಿಯವರಿಗೆ ಗೊತ್ತಿತ್ತು ಅಂತ ತೋರಿಸಬೇಕು. ಇಲ್ಲವೇ, ಗೊತ್ತಾಗಲೇಬೇಕಿದ್ದಷ್ಟು ಹೊತ್ತು ಅದು ಅಲ್ಲಿ ಬಿದ್ದಿತ್ತು ಅಂತಲಾದರೂ ತೋರಿಸಬೇಕು. ಮ್ಯಾಕರೋನಿಯಲ್ಲಿ ಹೆಜ್ಜೆ ಗುರುತು ಇತ್ತು, ಗಾಡಿ ಹೋದ ಗುರುತು ಇತ್ತು, ಕೊಳೆ ಹತ್ತಿತ್ತು ಎಂದು ಸಾಕ್ಷಿಗಳು ಹೇಳಿದ್ದರು. ಆದರೆ ಅಷ್ಟು ಓಡಾಟವಿರುವ ಜಾಗದಲ್ಲಿ ಆ ಗುರುತುಗಳು ಆಗಷ್ಟೇ ಮೂಡಿರಬಹುದು, ಎಷ್ಟು ಹೊತ್ತಾಗಿತ್ತು ಎಂಬುದಕ್ಕೆ ಅವು ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ನನಗೆ ಈ ನಿಯಮ ಗ್ರಾಹಕರ ಮೇಲೆ ತುಂಬ ಭಾರ ಹೊರಿಸುತ್ತದೆ ಅನಿಸುತ್ತದೆ. ಬಿದ್ದು ನೋವಿನಲ್ಲಿರುವವರು ಅದು ಎಷ್ಟು ಹೊತ್ತಿನಿಂದ ಅಲ್ಲಿತ್ತು ಎಂದು ಹೇಗೆ ತಿಳಿದಾರು? ಕ್ಯಾಮೆರಾ, ನೆಲ ಒರೆಸಿದ ದಾಖಲೆ, ಕೆಲಸದವರ ಪಟ್ಟಿ ಎಲ್ಲವೂ ಅಂಗಡಿಯ ಕೈಯಲ್ಲಿರುತ್ತವೆ ಅಲ್ವಾ.

ಈಗ ಎರಡನೇ ಪ್ರಶ್ನೆ, ಮೊತ್ತದ್ದು. ರೆಮಿಟಿಟರ್ ಇರುವುದು ಇಲ್ಲಿ.

ಜ್ಯೂರಿ ಕೊಟ್ಟ ಮೊತ್ತ ಜಾಸ್ತಿಯಾಯಿತು ಎಂದು ನ್ಯಾಯಾಧೀಶರಿಗೆ ಕಂಡರೆ ಅವರು ಅದನ್ನು ಸುಮ್ನೆ ಹೊಡೆದುಹಾಕಿ ಬೇರೆ ಅಂಕಿ ಬರೆಯುವ ಹಾಗಿಲ್ಲ. ಅಮೆರಿಕದ ಸಂವಿಧಾನದ ಏಳನೇ ತಿದ್ದುಪಡಿ 1791ರಿಂದ ಜಾರಿಯಲ್ಲಿದೆ. 20 ಡಾಲರ್‌ಗಿಂತ ಜಾಸ್ತಿ ಮೊತ್ತದ ಸಿವಿಲ್ ವ್ಯಾಜ್ಯದಲ್ಲಿ ಜ್ಯೂರಿ ಕೇಳುವ ಹಕ್ಕನ್ನು ಅದು ಕಾಯುತ್ತದೆ. ಜ್ಯೂರಿ ತೀರ್ಮಾನಿಸಿದ ಸಂಗತಿಯನ್ನು ಹಳೆಯ ಕಾನೂನು ಪದ್ಧತಿ ಒಪ್ಪಿದ ದಾರಿ ಬಿಟ್ಟು ಬೇರೆ ರೀತಿಯಲ್ಲಿ ಮತ್ತೆ ಪರೀಕ್ಷಿಸಬಾರದು ಎಂದೂ ಹೇಳುತ್ತದೆ. ಆ ತಿದ್ದುಪಡಿ ಫೆಡರಲ್ ಕೋರ್ಟುಗಳಿಗೆ, ಅಂದರೆ ರಾಜ್ಯಗಳದ್ದಲ್ಲದ ಕೇಂದ್ರದ ಕೋರ್ಟುಗಳಿಗೆ, ಮಾತ್ರ ಅನ್ವಯಿಸುತ್ತದೆ. ಆದರೆ ಹೆಚ್ಚಿನ ರಾಜ್ಯಗಳ ಸಂವಿಧಾನಗಳಲ್ಲೂ ಇಂಥದೇ ಹಕ್ಕು ಇದೆ. ನೋವಿಗೆ ಬೆಲೆ ಕಟ್ಟುವುದು ಜ್ಯೂರಿಯ ಕೆಲಸ, ಅದರಲ್ಲಿ ಸರ್ಕಾರದ ನ್ಯಾಯಾಧೀಶ ಕೈಹಾಕಬಾರದು ಎಂಬ ನಂಬಿಕೆ ಅಲ್ಲಿ ಬಲವಾಗಿದೆ.

ಹಾಗಾಗಿ ನ್ಯಾಯಾಧೀಶರು ಗಾಯಗೊಂಡವರ ಮುಂದೆ ಒಂದು ಆಯ್ಕೆ ಇಡುತ್ತಾರೆ. ಇಷ್ಟು ಕಡಿಮೆ ಮೊತ್ತಕ್ಕೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಹೊಸ ಜ್ಯೂರಿಯ ಮುಂದೆ ಮತ್ತೆ ವಿಚಾರಣೆ ಆಗಲಿ. ಈ ಷರತ್ತಿನ ಕಡಿತವೇ ರೆಮಿಟಿಟರ್. ಕಾಗದದ ಮೇಲೆ ಹಣ ಬಿಟ್ಟುಕೊಡುವವರು ನ್ಯಾಯಾಧೀಶರಲ್ಲ, ಗಾಯಗೊಂಡವರೇ. ಒಪ್ಪಿಗೆಯಿಲ್ಲದೆ ಕಡಿತವಿಲ್ಲ.

ಇದು ಹೊಸದಲ್ಲ. 1822ರಲ್ಲಿ ಜೋಸೆಫ್ ಸ್ಟೋರಿ ಎಂಬ ನ್ಯಾಯಾಧೀಶರು ಒಂದು ಕೇಸಿನಲ್ಲಿ ಜ್ಯೂರಿ ಕೊಟ್ಟ 2,000 ಡಾಲರ್ ಜಾಸ್ತಿಯಾಯಿತು, 500 ಬಿಟ್ಟುಕೊಡದಿದ್ದರೆ ಮರುವಿಚಾರಣೆ ಎಂದರು. ಫೆಡರಲ್ ಕೋರ್ಟುಗಳಲ್ಲಿ ಈ ಪದ್ಧತಿ ಅಲ್ಲಿಂದ ಬೆಳೆಯಿತು. ಆಯ್ಕೆ ಕೊಡದೆ ಕಡಿತ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1998ರಲ್ಲಿ ಉತ್ತರ ಸಿಕ್ಕಿತು. ವರ್ಜೀನಿಯಾದ ಒಂದು ಕೇಸಿನಲ್ಲಿ ಅಪೀಲು ಕೋರ್ಟು ಪರಿಹಾರ ಇಳಿಸಿತ್ತು, ಮರುವಿಚಾರಣೆಗೆ ಅವಕಾಶ ಕೊಟ್ಟಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಅದು ಏಳನೇ ತಿದ್ದುಪಡಿಗೆ ವಿರುದ್ಧ ಎಂದಿತು.

ಆದರೆ ಈ ಆಯ್ಕೆಯಲ್ಲಿ ಒಂದು ಕಷ್ಟವಿದೆ. ಹಡಗಿನಲ್ಲಿ ಹಸಿ ಬಣ್ಣದ ಮೇಲೆ ಜಾರಿ ಬಿದ್ದ ಒಬ್ಬ ನಾವಿಕನಿಗೆ ಜ್ಯೂರಿ 90,000 ಡಾಲರ್ ಕೊಟ್ಟಿತ್ತು. ನ್ಯಾಯಾಧೀಶರು 65,000ಕ್ಕೆ ಒಪ್ಪಿಕೊಳ್ಳಿ, ಇಲ್ಲವೇ ಮರುವಿಚಾರಣೆ ಎಂದರು. ಆತ ಪ್ರತಿಭಟನೆ ದಾಖಲಿಸಿಯೇ ಒಪ್ಪಿಕೊಂಡು, ಆಮೇಲೆ ಕಡಿತದ ವಿರುದ್ಧ ಅಪೀಲು ಹಾಕಿದರು. 1977ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬಾಗಿಲು ಮುಚ್ಚಿತು. ಒಪ್ಪಿಕೊಂಡ ಮೇಲೆ ದೂರುವ ಹಾಗಿಲ್ಲ, ಪ್ರತಿಭಟನೆ ಬರೆದಿಟ್ಟರೂ ಪ್ರಯೋಜನವಿಲ್ಲ. ಕೆಲವು ರಾಜ್ಯಗಳ ನಿಯಮ ಇಷ್ಟು ಬಿಗಿಯಾಗಿಲ್ಲ. ಫೆಡರಲ್ ಕೋರ್ಟಿನಲ್ಲಿ ಮಾತ್ರ ಇದೇ ನಿಯಮ. ಆಸ್ಪತ್ರೆ ಬಿಲ್ಲು ಕಟ್ಟಬೇಕಾದವರು, ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವರು ಮತ್ತೆ ವರ್ಷಗಟ್ಟಲೆ ಕಾಯುವ ದಾರಿ ಹಿಡಿಯುವುದು ಕಷ್ಟ. ಕಾನೂನಿನಲ್ಲಿ ಎರಡು ದಾರಿ ಇದ್ದರೂ ಅಂಥವರಿಗೆ ಎಷ್ಟೋ ಸಲ ಉಳಿಯುವುದು ಒಂದೇ.

ಜ್ಯೂರಿ ತೀರಾ ಕಡಿಮೆ ಕೊಟ್ಟರೆ? ಮೊತ್ತ ಏರಿಸುವುದಕ್ಕೆ ಅಡಿಟರ್ ಎನ್ನುತ್ತಾರೆ. ಫೆಡರಲ್ ಕೋರ್ಟಿನಲ್ಲಿ ಅದು ಇಲ್ಲ. 1935ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಅಪಘಾತದ ಕೇಸಿನಲ್ಲಿ ಜ್ಯೂರಿ 500 ಡಾಲರ್ ಕೊಟ್ಟಿತ್ತು. ಪ್ರತಿವಾದಿ 1,500ಕ್ಕೆ ಒಪ್ಪಿದ್ದರಿಂದ ನ್ಯಾಯಾಧೀಶರು ಮರುವಿಚಾರಣೆ ಬೇಡ ಎಂದಿದ್ದರು. ಸುಪ್ರೀಂ ಕೋರ್ಟು 5-4 ಮತದಿಂದ ಅದನ್ನು ತಳ್ಳಿಹಾಕಿತು. ಜ್ಯೂರಿ ಹೇಳಿದ್ದರಲ್ಲಿ ಒಂದು ಭಾಗ ತೆಗೆಯಬಹುದು, ಹೇಳದೇ ಇದ್ದದ್ದನ್ನು ಸೇರಿಸಲಾಗದು ಎಂಬ ವಾದ ಗೆದ್ದಿತು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಮ್ಮ ಕೋರ್ಟುಗಳಲ್ಲಿ ಇದಕ್ಕೆ ಅವಕಾಶ ಕೊಟ್ಟಿವೆ.

ನಮ್ಮಲ್ಲಿ ಇದನ್ನು ಓದುವವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಭಾರತದಲ್ಲಿ ಗಾಯದ ಪರಿಹಾರ ನಿರ್ಧರಿಸುವವರು ನ್ಯಾಯಾಧೀಶರೇ, ಜ್ಯೂರಿ ಅಲ್ಲ. ರಸ್ತೆ ಅಪಘಾತದ ಪರಿಹಾರ ಸಾಲದು ಎಂದು ಕರ್ನಾಟಕ ಹೈಕೋರ್ಟಿಗೆ ಎಂ.ಎಫ್.ಎ. ಎಂಬ ಅಪೀಲು ಹಾಕಿದವರು ನಮ್ಮ ಪೈಕಿ ಎಷ್ಟೋ ಜನ ಇದ್ದಾರೆ. ಅಲ್ಲಿ ನ್ಯಾಯಾಧೀಶರು ನೇರವಾಗಿ ಮೊತ್ತ ಏರಿಸುತ್ತಾರೆ, ಇಳಿಸುತ್ತಾರೆ. ನ್ಯಾಯವೆನಿಸಿದರೆ ಕೇಳಿದ್ದಕ್ಕಿಂತ ಜಾಸ್ತಿ ಕೂಡ ಕೊಡಬಹುದು ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ.

ಮೊತ್ತ ಜಾಸ್ತಿಯಾಯಿತು ಎಂದು ಅಮೆರಿಕದ ಕೋರ್ಟು ಅಳೆಯುವುದು ಹೇಗೆ? ಆಸ್ಪತ್ರೆ ಖರ್ಚು, ಕಳೆದುಹೋದ ಸಂಬಳ ಇವಕ್ಕೆ ಬಿಲ್ಲು ಇರುತ್ತದೆ, ಲೆಕ್ಕ ಹಾಕಬಹುದು. ನೋವು, ಅಂಗವೈಕಲ್ಯ, ಮೊದಲಿನ ಹಾಗೆ ಬದುಕಲಾಗದ ಸಂಕಟ ಇವಕ್ಕೆ ಬಿಲ್ಲು ಇಲ್ಲ. ಅಪೀಲಿನ ಜಗಳ ಬಹುಪಾಲು ನಡೆಯುವುದು ಇವುಗಳ ಸುತ್ತ. ಹಲವು ಕೋರ್ಟುಗಳ ಹಳೆಯ ಅಳತೆ ಏನೆಂದರೆ, ಮೊತ್ತ ಆತ್ಮಸಾಕ್ಷಿಯೇ ಬೆಚ್ಚುವಷ್ಟು ದೊಡ್ಡದಿದ್ದರೆ ಮಾತ್ರ ಮುಟ್ಟುವುದು. ನ್ಯೂಯಾರ್ಕ್ 1986ರಲ್ಲಿ ಇದನ್ನು ಸಡಿಲಿಸಿತು. ಹಿಂದಿನ ಅಂಥದೇ ಕೇಸುಗಳಲ್ಲಿ ಕೊಟ್ಟ ಪರಿಹಾರಕ್ಕೂ ಇದಕ್ಕೂ ಗಣನೀಯ ಅಂತರ ಇದ್ದರೆ ಸಾಕು ಎಂದಿತು. ಅಲ್ಲಿನ ವಕೀಲರು ಮುರಿದ ಮಂಡಿಗೆ ಎಷ್ಟು, ಸೊಂಟಕ್ಕೆ ಎಷ್ಟು ಎಂದು ಹಳೆಯ ತೀರ್ಪುಗಳನ್ನು ಹುಡುಕುವುದು ಇದೇ ಕಾರಣಕ್ಕೆ.

ಅಂಗಡಿಗೆ ಬುದ್ಧಿ ಬರಲಿ ಎಂದು ಜ್ಯೂರಿ ಕೊಡುವ ದಂಡನಾ ಪರಿಹಾರದ ಕಥೆಯೇ ಬೇರೆ. ಅದಕ್ಕೆ ಸಂವಿಧಾನದ ಮಿತಿ ಇದೆ. 2003ರಲ್ಲಿ ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂತು. ಅದರಲ್ಲಿ ನಷ್ಟಪರಿಹಾರ 10 ಲಕ್ಷ ಡಾಲರ್, ದಂಡನಾ ಮೊತ್ತ 14.5 ಕೋಟಿ ಡಾಲರ್. ದಂಡನಾ ಮೊತ್ತ ಸಾಮಾನ್ಯವಾಗಿ ನಷ್ಟದ ಒಂಬತ್ತು ಪಟ್ಟಿನೊಳಗೇ ಇರಬೇಕು ಎಂಬರ್ಥ ಬರುವ ಹಾಗೆ ಕೋರ್ಟು ಬರೆಯಿತು.

ಸೋತ ಅಂಗಡಿ ನೇರವಾಗಿ ಮೇಲಿನ ಕೋರ್ಟಿಗೆ ಓಡುವುದಿಲ್ಲ. ಫೆಡರಲ್ ಕೋರ್ಟಿನಲ್ಲಾದರೆ 28 ದಿನದೊಳಗೆ ಅದೇ ನ್ಯಾಯಾಧೀಶರ ಮುಂದೆ ಮರುವಿಚಾರಣೆ ಅಥವಾ ರೆಮಿಟಿಟರ್ ಕೇಳಬಹುದು. ಆ ಅರ್ಜಿ ಇತ್ಯರ್ಥವಾದ ಮೇಲೆ ಅಪೀಲಿಗೆ 30 ದಿನ. ಟೆಕ್ಸಸ್‌ನಲ್ಲಿ ಮೊತ್ತ ಜಾಸ್ತಿಯಾಯಿತು ಎಂಬ ಮಾತನ್ನು ಮೊದಲು ಕೆಳಗೇ ಎತ್ತದಿದ್ದರೆ ಮೇಲೆ ಎತ್ತುವ ಹಾಗಿಲ್ಲ. ಅಪೀಲು ಮುಗಿಯುವವರೆಗೆ ಹಣ ವಸೂಲಿ ನಿಲ್ಲಬೇಕಾದರೆ ಅಂಗಡಿ ಖಾತರಿಯಾಗಿ ಬಾಂಡ್ ಇಡಬೇಕು. ತೀರ್ಪಿನ ಮೊತ್ತದ ಮೇಲೆ ಬಡ್ಡಿಯೂ ಓಡುತ್ತಿರುತ್ತದೆ. ಈ ಬಡ್ಡಿ, ಬಾಂಡ್, ಮರುವಿಚಾರಣೆಯ ಅಪಾಯ ಎಲ್ಲ ಸೇರಿ ಎರಡೂ ಕಡೆಯವರನ್ನು ರಾಜಿಗೆ ತಳ್ಳುತ್ತವೆ.

ಎಲ್ಲರೂ ಕೇಳಿರುವ ಮ್ಯಾಕ್‌ಡೊನಾಲ್ಡ್ಸ್ ಕಾಫಿ ಕೇಸು ಹೋಗಿದ್ದೂ ಇದೇ ದಾರಿಯಲ್ಲಿ. 1992ರಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ, ನಿಂತಿದ್ದ ಕಾರಿನಲ್ಲಿ ಕೂತಿದ್ದ 79 ವರ್ಷದ ಅಜ್ಜಿಯ ತೊಡೆಯ ಮೇಲೆ ಕಾಫಿ ಚೆಲ್ಲಿತು. ಕಾಫಿಯ ಬಿಸಿ 180 ಡಿಗ್ರಿ ಫ್ಯಾರನ್‌ಹೀಟ್‌ಗೂ ಮೇಲೆ. ಚರ್ಮದ ಆಳದವರೆಗೆ ಸುಟ್ಟು ಚರ್ಮ ಕಸಿ ಮಾಡಬೇಕಾಯಿತು. ಆಕೆ ಮೊದಲು ಕೇಳಿದ್ದು 20,000 ಡಾಲರ್, ಕಂಪನಿ ಕೊಡಲು ಬಂದದ್ದು 800. ಆ ಹಿಂದಿನ ಹತ್ತು ವರ್ಷಗಳಲ್ಲಿ ಕಂಪನಿಗೆ ಇಂಥ ಸುಮಾರು 700 ದೂರು ಬಂದಿದ್ದವು ಎಂಬುದು ವಿಚಾರಣೆಯಲ್ಲಿ ಹೊರಬಂತು.

1994ರಲ್ಲಿ ಜ್ಯೂರಿ ನಷ್ಟಕ್ಕೆ 2 ಲಕ್ಷ ಡಾಲರ್ ಎಂದಿತು. ತಪ್ಪಿನಲ್ಲಿ ಶೇಕಡಾ 20 ಆಕೆಯದೂ ಇದೆ ಎಂದು ಅದು 1,60,000ಕ್ಕೆ ಇಳಿಯಿತು. ದಂಡನಾ ಮೊತ್ತ 27 ಲಕ್ಷ. ಜಗತ್ತಿನ ಪತ್ರಿಕೆಗಳಲ್ಲಿ ಬಂದ ಅಂಕಿ ಇದು, ಇದನ್ನೇ ಹಿಡಿದು ಜನ ಆ ಅಜ್ಜಿಯನ್ನು ವರ್ಷಗಟ್ಟಲೆ ಆಡಿಕೊಂಡರು. ಆಮೇಲೆ ನ್ಯಾಯಾಧೀಶರು ದಂಡನಾ ಮೊತ್ತವನ್ನು ನಷ್ಟದ ಮೂರು ಪಟ್ಟಿಗೆ, ಅಂದರೆ 4,80,000ಕ್ಕೆ ಇಳಿಸಿದರು. ಕಂಪನಿಯ ನಡವಳಿಕೆ ತಪ್ಪೇ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರೂ ಮೊತ್ತ ಒಟ್ಟು 6,40,000ಕ್ಕೆ ಬಂದು ನಿಂತಿತು. ಅಪೀಲು ತೀರ್ಮಾನವಾಗುವ ಮೊದಲೇ ಎರಡೂ ಕಡೆಯವರು ರಾಜಿಯಾದರು. ಎಷ್ಟಕ್ಕೆ ಎಂಬುದನ್ನು ಗುಟ್ಟಾಗಿ ಇಡಲು ಒಪ್ಪಿದ್ದರು.