ಸೂರಿಗೆ ದುಡ್ಡು ಬಂತು, ಆರೈಕೆಗೆ? ಕ್ಯಾಲಿಫೋರ್ನಿಯಾ ನಡೆದು ಬಂದ ದಾರಿ

ಮಾನಸಿಕ ಕಾಯಿಲೆಯೋ ವ್ಯಸನವೋ ಇದ್ದು ಬೀದಿ ಪಾಲಾದವರಿಗೆ ಸರ್ಕಾರದ ಹಣದಲ್ಲಿ ವಸತಿ ಒದಗಿಸಲು ಕ್ಯಾಲಿಫೋರ್ನಿಯಾದ ಮತದಾರರು 2024ರ ಮಾರ್ಚ್‌ನಲ್ಲಿ ಒಪ್ಪಿದರು. ಅದೂ ಕೂದಲೆಳೆಯ ಅಂತರದಲ್ಲಿ. ‘ಪ್ರಾಪೊಸಿಷನ್ 1’ ಎಂಬ ಈ ಪ್ರಸ್ತಾವದಡಿ ರಾಜ್ಯವು 638 ಕೋಟಿ ಡಾಲರ್‌ವರೆಗೆ ಬಾಂಡ್ ಮೂಲಕ ಸಾಲ ಎತ್ತಬಹುದು. ಹೆಚ್ಚಿನ ಪಾಲು ಚಿಕಿತ್ಸಾ ಕೇಂದ್ರಗಳ ಹಾಸಿಗೆಗಳಿಗೆ, ಸುಮಾರು 200 ಕೋಟಿ ಡಾಲರ್ ಮನೆಗಳಿಗೆ. ಇಷ್ಟಾದರೂ ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲಾಡಳಿತಗಳು, ಹಣದ ಕೊರತೆಯ ಮಾತಾಡುತ್ತಿವೆ. ಏಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರ ದಶಕದ ಮಧ್ಯದಲ್ಲಿ ಅಮೆರಿಕದ ಸರ್ಕಾರಿ ಮನೋರೋಗ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. 1963ರ ಕೇಂದ್ರ ಕಾನೂನು ಅವರಿಗೆ ಊರೂರಲ್ಲಿ ಚಿಕಿತ್ಸಾ ಕೇಂದ್ರಗಳ ಭರವಸೆ ಕೊಟ್ಟಿತು, 1967ರಲ್ಲಿ ಕ್ಯಾಲಿಫೋರ್ನಿಯಾ ಒತ್ತಾಯದ ದಾಖಲಾತಿಗೆ ಕಡಿವಾಣ ಹಾಕಿತು, ಆಸ್ಪತ್ರೆಗಳು ಬರಿದಾದವು, ಭರವಸೆ ಕೊಟ್ಟಷ್ಟು ಕೇಂದ್ರಗಳು ಮಾತ್ರ ಏಳಲೇ ಇಲ್ಲ. ಅದೇ ಕಾಲಕ್ಕೆ ನಗರಗಳಲ್ಲಿ ಅಗ್ಗದ ಬಾಡಿಗೆಗೆ ಸಿಗುತ್ತಿದ್ದ ಹಳೆಯ ಹೋಟೆಲ್ ಕೋಣೆಗಳೂ ನೆಲಸಮವಾದವು. ಔಷಧಿ ಬರೆದುಕೊಟ್ಟು ಕಳಿಸಿದವರಿಗೆ ಅದನ್ನು ಇಟ್ಟುಕೊಳ್ಳಲು ಒಂದು ಗೂಡೂ ಇಲ್ಲದಂತಾಯಿತು.

ನಿಜವಾದ ತಿರುವು 2004ರದ್ದು. ವರ್ಷಕ್ಕೆ 10 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ 1ರಷ್ಟು ಹೆಚ್ಚುವರಿ ತೆರಿಗೆ ಹಾಕಿ, ಅದನ್ನು ಮಾನಸಿಕ ಆರೋಗ್ಯಕ್ಕೇ ಮೀಸಲಿಡುವ ‘ಪ್ರಾಪೊಸಿಷನ್ 63’ ಗೆದ್ದಿತು. ಈ ಹಣ ಮಾಡಿದ ಕೆಲಸವನ್ನು ಕಡೆಗಣಿಸುವಂತಿಲ್ಲ. ಆದರೆ ಅದು ಶ್ರೀಮಂತರ ಆದಾಯಕ್ಕೆ, ಅಂದರೆ ಬಹುಪಾಲು ಷೇರುಪೇಟೆಗೆ, ಕಟ್ಟುಬಿದ್ದದ್ದು. ಪೇಟೆ ಕುಸಿದರೆ ತೆರಿಗೆ ಇಳಿಯುತ್ತದೆ. ಕಾಯಿಲೆ ಇಳಿಯುವುದಿಲ್ಲ.

2016ರಲ್ಲಿ ರಾಜ್ಯ ‘ನೋ ಪ್ಲೇಸ್ ಲೈಕ್ ಹೋಮ್’ ಯೋಜನೆ ತಂದು, ಇದೇ ತೆರಿಗೆಯನ್ನು ನೆಚ್ಚಿ 200 ಕೋಟಿ ಡಾಲರ್ ಸಾಲಕ್ಕೆ ಮುಂದಾಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2018ರಲ್ಲಿ ಮತದಾರರೇ ಹಸಿರು ನಿಶಾನೆ ತೋರಿಸಿದರು. ಅದೇ 2016ರಲ್ಲಿ ‘ಹೌಸಿಂಗ್ ಫಸ್ಟ್’ ರಾಜ್ಯದ ನೀತಿಯಾಯಿತು: ಮೊದಲು ಮನೆ, ಚಟ ಬಿಡುವುದೂ ಚಿಕಿತ್ಸೆಗೆ ಒಪ್ಪುವುದೂ ಅದಕ್ಕೆ ಷರತ್ತಲ್ಲ. 1990ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಕಟ್ಟಿದ ಮಾದರಿ ಇದು. ಮನೆ ಸಿಕ್ಕವರಲ್ಲಿ ಬಹುಪಾಲು ಮಂದಿ ಮನೆಯಲ್ಲೇ ಉಳಿಯುತ್ತಾರೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಇಂಥ ಒಂದು ಕಟ್ಟಡದ ಒಳಗೆ ನೋಡಿ. ಒಂದೇ ಕೋಣೆಯ ಮನೆ, ಮೂಲೆಯಲ್ಲಿ ಅಡುಗೆ ಕಟ್ಟೆ, ನಿವಾಸಿಯ ಹೆಸರಲ್ಲೇ ಬಾಡಿಗೆ ಕರಾರು. ಬಾಡಿಗೆ ಸಾಮಾನ್ಯವಾಗಿ ಅವರ ಆದಾಯದ ಶೇ 30. ಆ ಆದಾಯವೆಂದರೆ ಹಲವರಿಗೆ ಅಂಗವೈಕಲ್ಯ ಭತ್ಯೆ ಮಾತ್ರ. ಕೆಳಗಿನ ಮಹಡಿಯಲ್ಲಿ ಕೇಸ್ ಮ್ಯಾನೇಜರ್ ಕೂರಬೇಕು. ಎರಡು ದಿನ ಬಾಗಿಲು ತೆರೆಯದಿದ್ದರೆ ಹೋಗಿ ತಟ್ಟುವವರು, ಮಾತ್ರೆ ನಿಂತದ್ದನ್ನು ಮೊದಲು ಗುರುತಿಸುವವರು, ಮನೆ ಖಾಲಿ ಮಾಡಿಸುವ ನೋಟಿಸ್ ಬರುವ ಮುನ್ನ ಮಧ್ಯೆ ನಿಲ್ಲುವವರು ಅವರೇ. ಕಟ್ಟಡಕ್ಕೆ ಬಾಂಡ್, ತೆರಿಗೆ ರಿಯಾಯಿತಿ, ಕೌಂಟಿಯ ಸಾಲ ಎಲ್ಲ ಒಟ್ಟಾಗುತ್ತವೆ. ಆ ಕೆಳಮಹಡಿಯ ಸಂಬಳಕ್ಕೆ ಮಾತ್ರ ವರ್ಷವರ್ಷವೂ ಹುಡುಕಾಟ.

ಅರ್ಹತೆಯ ನಿಯಮಗಳೂ ಸರಳವಲ್ಲ. ಕೇಂದ್ರದ ವ್ಯಾಖ್ಯೆಯಂತೆ ‘ದೀರ್ಘಕಾಲದ ನಿರಾಶ್ರಿತ’ ಎನಿಸಿಕೊಳ್ಳಲು ಅಂಗವೈಕಲ್ಯದ ಜೊತೆಗೆ ಹನ್ನೆರಡು ತಿಂಗಳ ಬೀದಿವಾಸ ಬೇಕು. ನಡುವೆ 90 ದಿನ ಅಥವಾ ಅದಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲೋ ಜೈಲಿನಲ್ಲೋ ಕಳೆದರೆ ಆ ದಿನಗಳು ಲೆಕ್ಕಕ್ಕಿಲ್ಲ. ಹೆಚ್ಚು ಕಾಯಿಲೆಯಿದ್ದವರೇ ಪಟ್ಟಿಯಲ್ಲಿ ಹಿಂದೆ ಬೀಳುವ ಈ ವ್ಯವಸ್ಥೆಯನ್ನು ನ್ಯಾಯ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಪ್ರಾಪೊಸಿಷನ್ 1ರ ಇನ್ನೊಂದು ಮುಖ ಕಡಿಮೆ ಚರ್ಚೆಯಾದದ್ದು. 2026ರ ಜುಲೈನಿಂದ ಕೌಂಟಿಗಳು 2004ರ ಆ ಹಳೆಯ ತೆರಿಗೆಯ ತಮ್ಮ ಪಾಲಿನಲ್ಲಿ ಶೇ 30ರಷ್ಟನ್ನು ವಸತಿಗೆ, ಅದರಲ್ಲಿ ಅರ್ಧವನ್ನು ದೀರ್ಘಕಾಲ ಬೀದಿಯಲ್ಲಿದ್ದವರಿಗೆ ಮೀಸಲಿಡಬೇಕು. ಇದು ಹೊಸ ಹಣವಲ್ಲ. ಇದೇ ನಿಧಿಯಿಂದ ನಡೆಯುತ್ತಿರುವ ಹೊರರೋಗಿ ಸೇವೆಗಳಿಗೆ ಕತ್ತರಿ ಬೀಳಬಹುದೆಂಬ ಆತಂಕ ಕೌಂಟಿಗಳದ್ದು. ಇತ್ತ 2025ರ ಜುಲೈನ ಅಧ್ಯಕ್ಷೀಯ ಆದೇಶವು ‘ಹೌಸಿಂಗ್ ಫಸ್ಟ್’ಗೆ ಕೇಂದ್ರದ ಬೆಂಬಲ ಕೊನೆಗೊಳಿಸಲು ಹೇಳಿದೆ. ರಾಜ್ಯದ ಆರೋಗ್ಯ ವಿಮೆ ‘ಮೆಡಿ-ಕ್ಯಾಲ್’ ಈಗ ಅರ್ಹರಿಗೆ ಆರು ತಿಂಗಳವರೆಗೆ ಬಾಡಿಗೆ ಕೊಡಬಹುದು. ಏಳನೇ ತಿಂಗಳ ಬಾಡಿಗೆಗೆ ಕೌಂಟಿಗಳು ಆ ಶೇ 30ರ ಕಡೆಗೇ ನೋಡಬೇಕಾಗುತ್ತದೆ.