ಖಾಲಿಯಾದ ಮೇಲೆ ಟ್ಯಾಂಕರ್ ಹುಡುಕುವುದಿಲ್ಲ

ಹಾರುತ್ತಿರುವಾಗಲೇ ಬೇರೆ ವಿಮಾನಗಳಿಗೆ ಇಂಧನ ತುಂಬಿಸುವ ಟ್ಯಾಂಕರ್ ವಿಮಾನಗಳಲ್ಲಿ ನಾನು ಕೆಲಸ ಮಾಡಿದವನು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಇಂಧನ ಇನ್ನೇನು ಮುಗಿಯಿತು ಅನ್ನುವಾಗ ಹೋಗಿ ತುಂಬಿಸುತ್ತಿದ್ದಿರಾ?" ಇಲ್ಲ ಸ್ವಾಮಿ. ಅಂಥ ಯೋಜನೆ ಹಾಕಿದವನನ್ನು ಮರುದಿನ ನಕ್ಷೆಯ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ.

ನಾವು ಮೊದಲು ಹಾಕುವ ಲೆಕ್ಕ, ಇಂಧನ ಸಿಗದಿದ್ದರೆ ಈ ವಿಮಾನ ಎಲ್ಲಿ ಇಳಿಯಬೇಕು ಎಂಬುದು. ಆ ನಿಲ್ದಾಣ ತಲುಪಿ, ಒಂದೆರಡು ಸುತ್ತು ಹಾಕಿ ಇಳಿಯುವಷ್ಟು ಇಂಧನ ಉಳಿದಿರುವಾಗಲೇ ಟ್ಯಾಂಕರ್ ಭೇಟಿ ಮುಗಿದಿರಬೇಕು. ಎಲ್ಲ ಪಡೆಗಳ ನಿಯಮವೂ ಅಕ್ಷರಶಃ ಒಂದೇ ಎನ್ನಲಾರೆ, ತರ್ಕ ಮಾತ್ರ ಒಂದೇ. ನೆಲ ಬಿಟ್ಟು ಸ್ವಲ್ಪ ಹೊತ್ತಿಗೇ ತುಂಬಿಸಿಕೊಳ್ಳುವುದೂ ಉಂಟು. ಹೊರೆ ಹೆಚ್ಚಿ ರನ್‌ವೇ ಸಾಲದಾದಾಗ ಇಂಧನ ಕಡಿಮೆ ಹಾಕಿಕೊಂಡು ಏರಿ, ಉಳಿದದ್ದನ್ನು ಮೇಲೆ ಪಡೆಯುತ್ತಾರೆ.

ಇಷ್ಟು ಜಾಗ್ರತೆ ಏಕೆಂದರೆ, ಸಿಗುತ್ತದೆಂಬ ಖಾತರಿಯೇ ಇಲ್ಲ. ಟ್ಯಾಂಕರ್‌ನ ಹಿಂದೆ ಇಳಿಬಿಟ್ಟ ಹೋಸ್‌ನ ತುದಿಯಲ್ಲಿ, ಇಂಧನ ಪಡೆಯುವ ವಿಮಾನ ತನ್ನ ಕೊಳವೆಯನ್ನು ತೂರಿಸಬೇಕಾದ, ಬ್ಯಾಡ್ಮಿಂಟನ್ ಕಾಕ್‌ನಂಥ ಒಂದು ಬುಟ್ಟಿ ತೇಲುತ್ತಿರುತ್ತದೆ. ಹಿಂದಿನಿಂದ ಬರುವ ವಿಮಾನದ ಮೂತಿ ದಬ್ಬುವ ಗಾಳಿಗೆ ಅದು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಜಾರುತ್ತದೆ. ಒಬ್ಬ ಹುಡುಗ ನನ್ನ ಕಣ್ಣೆದುರೇ ಐದು ಸಲ ತಪ್ಪಿದ. ಬುಟ್ಟಿಯನ್ನೇ ದಿಟ್ಟಿಸಿ, ಅದು ಸರಿದತ್ತ ತಾನೂ ಸರಿಯುತ್ತಿದ್ದ. "ಅದನ್ನು ಬಿಡಪ್ಪಾ, ನಮ್ಮ ರೆಕ್ಕೆ ನೋಡಿಕೊಂಡು ಬಾ" ಎಂದೆವು. ನಡೆಯುವಷ್ಟೇ ನಿಧಾನವಾಗಿ ಬಂದ, ಆರನೆಯ ಸಲ ಸಿಕ್ಕಿತು. ಅಷ್ಟು ಹೊತ್ತೂ ಅವನ ಬಳಿ ವಾಪಸಾಗುವಷ್ಟು ಇಂಧನವಿತ್ತು, ಅದಕ್ಕೇ ನಾವೂ ತಾಳ್ಮೆಯಿಂದಿದ್ದೆವು. ಅಮೆರಿಕದ ಕೆಸಿ-135ರಂಥ ಟ್ಯಾಂಕರ್ ವಿಮಾನದಲ್ಲಿ ಟ್ಯಾಂಕರ್‌ನವನೇ ಬೂಮ್ ಎಂಬ ಗಟ್ಟಿ ಕೊಳವೆಯನ್ನು ನಡೆಸಿ ಜೋಡಿಸುತ್ತಾನೆ, ಇಂಧನವೂ ಬೇಗ ಹರಿಯುತ್ತದೆ. ಅಲ್ಲೂ ಲೆಕ್ಕ ಬದಲಾಗುವುದಿಲ್ಲ.

ಓದಿಕೊಂಡವರು ಆಗ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ ಯುದ್ಧವನ್ನು ಎಳೆದು ತರುತ್ತಾರೆ. 1982ರ ಏಪ್ರಿಲ್ 30ರ ರಾತ್ರಿ ಅಟ್ಲಾಂಟಿಕ್‌ನ ಅಸೆನ್ಶನ್ ದ್ವೀಪದಿಂದ ಹೊರಟ ಬ್ರಿಟನ್ನಿನ ಒಂದೇ ಒಂದು ವಲ್ಕನ್ ಬಾಂಬರ್ ಫಾಕ್‌ಲ್ಯಾಂಡ್‌ನ ರಾಜಧಾನಿ ಸ್ಟ್ಯಾನ್ಲಿಯ ರನ್‌ವೇ ತಲುಪಲು 11 ವಿಕ್ಟರ್ ಟ್ಯಾಂಕರ್‌ಗಳು ಬೇಕಾದವು, ಟ್ಯಾಂಕರ್‌ಗೂ ಟ್ಯಾಂಕರ್ ಎಂಬಂತೆ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಂದು ವಿಕ್ಟರ್‌ನ ಪ್ರೋಬ್, ಅಂದರೆ ಇಂಧನ ಪಡೆಯುವ ಮೂತಿಯ ಕೊಳವೆ, ಮುರಿಯಿತು. ಅದು ಹೋಗಬೇಕಿದ್ದ ದೂರಕ್ಕೆ ಇನ್ನೊಂದು ಹೋಗಿ, ತಾನು ಮನೆ ಸೇರಲು ಬೇಕಾದ ಇಂಧನವನ್ನೂ ವಲ್ಕನ್‌ಗೆ ಕೊಟ್ಟುಬಿಟ್ಟಿತು. "ನೋಡಿ, ಖಾಲಿ ಮಾಡಿಕೊಂಡರಲ್ಲ!" ಎನ್ನುತ್ತಾರೆ. ಹೌದು, ಯೋಜನೆ ಮುರಿದುಬಿದ್ದದ್ದರಿಂದ. ಕೆಳಗೆ ಬರೀ ಸಮುದ್ರ. ರೇಡಿಯೋದಲ್ಲಿ ಬಾಯಿ ಬಿಟ್ಟರೆ ದಾಳಿಯ ಗುಟ್ಟು ಬಯಲಾದೀತೆಂದು, ಬಾಂಬ್ ಬಿದ್ದ ಸಂಕೇತಪದ ಕೇಳಿಸುವವರೆಗೂ ಆ ವಿಕ್ಟರ್‌ನ ಸಿಬ್ಬಂದಿ ಸುಮ್ಮನೆ ಕೂತಿದ್ದರು. ಕೇಳಿಸಿದ ಮೇಲೆಯೇ ತಮಗೊಂದು ಟ್ಯಾಂಕರ್ ಕಳಿಸಿ ಎಂದರು.