ಎಕ್ಸ್‌ರೇ ರಿಮೋಟ್ ಎಲ್ಲಿಡಬೇಕು?

ಕಲಬುರಗಿಯ ದವಾಖಾನೆಗಳಲ್ಲಿ ಎಕ್ಸ್‌ರೇ ಕೋಣೆ ಹೊರಗಿನ ಬೆಂಚಿನ ಮೇಲೆ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ: "ಮಷಿನ್ ಬಂದ್ ಇದ್ರೂ ಕಿರಣ ಇರ್ತಾವ, ಹತ್ರ ಹೋಗಬ್ಯಾಡ್ರಿ." ಇದು ತಪ್ಪು. ಯಂತ್ರದೊಳಗೆ ಯಾರೂ ಕಿರಣ ತುಂಬಿಟ್ಟಿರುವುದಿಲ್ಲ. ಹತ್ತಾರು ಸಾವಿರ ವೋಲ್ಟ್ ಕೊಟ್ಟಾಗ ಎಲೆಕ್ಟ್ರಾನ್‌ಗಳು ಓಡಿ ಬಂದು ಟಂಗ್‌ಸ್ಟನ್ ತಟ್ಟೆಗೆ ಬಡಿಯುತ್ತವೆ, ಆಗಷ್ಟೇ ಎಕ್ಸ್‌ರೇ ಹುಟ್ಟುತ್ತದೆ. ಕರೆಂಟ್ ಹೋಯಿತೋ, ಕಿರಣವೂ ಹೋಯಿತು. ಗೋಡೆಯಲ್ಲಾಗಲಿ, ರೋಗಿಯ ಮೈಯಲ್ಲಾಗಲಿ ಏನೂ ಉಳಿಯುವುದಿಲ್ಲ.

ಕರೆಂಟ್ ಇಲ್ಲದೆಯೂ ಸದಾ ಕಿರಣ ಸೂಸುವ ವಿಕಿರಣಶೀಲ ಕೋಬಾಲ್ಟ್, ಸೀಸಿಯಂ ಇರುವ ಉಪಕರಣಗಳ ಕತೆ ಬೇರೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಸೀಸಿಯಂ-137 ಇದ್ದ ಭಾಗವನ್ನು ಕದ್ದು ಗುಜರಿಗೆ ಮಾರಿದರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಪುಡಿಯನ್ನು ಜನ ಮನೆಗೆ ಒಯ್ದರು, ಮೈಗೆ ಹಚ್ಚಿಕೊಂಡರು. ನಾಲ್ಕು ಮಂದಿ ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಗೆ ಕೋಬಾಲ್ಟ್-60 ಬಂದು ಒಬ್ಬರ ಜೀವ ಹೋಯಿತು. ಅಂಥ ಕಡೆ ಮೂಲವನ್ನೇ ಬೀಗ ಹಾಕಿ ಕಾಯಬೇಕು. ಎಕ್ಸ್‌ರೇ ಯಂತ್ರದಲ್ಲಿ ಕಾಯಬೇಕಾದ್ದು ಬಟನ್ನು. ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗುವ ಮೊಬೈಲ್ ಎಕ್ಸ್‌ರೇಗಳಲ್ಲಿ ಆ ಬಟನ್ನು ಈಗ ರಿಮೋಟ್ ಒಳಗೆ ಸೇರಿಕೊಂಡಿದೆ. ಆ ರಿಮೋಟನ್ನು ಯಾರೋ ಹಾಸಿಗೆ ಮೇಲೆ, ಇಲ್ಲವೇ ಏಪ್ರನ್ ಜೇಬಿನಲ್ಲಿ ಸುಮ್ನೆ ಬಿಟ್ಟಿರುತ್ತಾರೆ. ಬಂದ್ ಆದ ಮಷಿನ್ ಕಂಡರೆ ಹೆದರುವ ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ.

ರಿಮೋಟ್ ಬಂದದ್ದು ದೂರಕ್ಕಾಗಿ. ರೋಗಿಯ ಮೈಗೆ ಬಡಿದು ಚದುರುವ ಕಿರಣ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 1 ಮೀಟರ್‌ನಲ್ಲಿ ಇದ್ದದ್ದು 2 ಮೀಟರ್‌ಗೆ ಕಾಲು ಭಾಗ, 3 ಮೀಟರ್‌ಗೆ ಒಂಬತ್ತರಲ್ಲಿ ಒಂದು ಪಾಲು. ಬಟನ್ನಿಗೂ ಸಾಮಾನ್ಯವಾಗಿ ಎರಡು ಹಂತ ಇರುತ್ತದೆ. ಅರ್ಧ ಒತ್ತಿದರೆ ಟಂಗ್‌ಸ್ಟನ್ ತಟ್ಟೆ ಗಿರಗಿರ ತಿರುಗಲು ಶುರು, ಪೂರ್ತಿ ಒತ್ತಿದರೆ ಕಿರಣ. ಬೆರಳು ತೆಗೆದರೆ ಅಲ್ಲಿಗೆ ನಿಲ್ಲಬೇಕು. ಇಷ್ಟೆಲ್ಲ ಇದ್ದೂ, ಹಾಸಿಗೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡ ರಿಮೋಟಿಗೆ ತನ್ನನ್ನು ಒತ್ತಿದ್ದು ಬೆರಳೋ ಕಂಬಿಯೋ ಗೊತ್ತಾಗುವುದಿಲ್ಲ. ಅದಕ್ಕೇ ಬಟನ್ನು ತಗ್ಗಿನಲ್ಲಿ ಕೂತಿರಬೇಕು, ರಿಮೋಟಿಗೆ ಯಂತ್ರದ ಮೇಲೇ ಒಂದು ಗೂಡು ಇರಬೇಕು.

ಬರೀ ಡಬ್ಬಿ ಸಾಲದು. ರಿಮೋಟ್ ಒಳಗಿದೆಯೋ ಹೊರಗಿದೆಯೋ ಗೂಡಿಗೆ ಗೊತ್ತಾಗಬೇಕು, ಒಳಗಿದ್ದಾಗ ಕಿರಣ ಬರಲೇಬಾರದು. ರಿಮೋಟಿನಲ್ಲಿ ಸಣ್ಣ ಅಯಸ್ಕಾಂತ, ಗೂಡಿನಲ್ಲಿ ಅದಕ್ಕೆ ಸ್ಪಂದಿಸುವ ಸ್ವಿಚ್ ಇಟ್ಟರೆ ಆಯಿತು ಅನಿಸುತ್ತದೆ, ಅಲ್ವಾ? ನಿಜವಾದ ಪ್ರಶ್ನೆ ಶುರುವಾಗುವುದೇ ಇಲ್ಲಿಂದ: ವೈರ್ ತುಂಡಾದರೆ ಯಂತ್ರ ಏನೆಂದುಕೊಳ್ಳುತ್ತದೆ?

ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ಸ್ವಿಚ್ ಹಾಕಿದಿರಿ ಅನ್ನಿ. ರಿಮೋಟ್ ಹೊರಗಿದ್ದರೆ ಸ್ವಿಚ್ ಬಿಟ್ಟುಕೊಂಡಿರುತ್ತದೆ, ಅಂದರೆ "ರೆಡಿ". ಇಲಿ ವೈರ್ ಕಡಿದರೂ ಯಂತ್ರಕ್ಕೆ ಕಾಣುವುದು ಅದೇ! ರಿಮೋಟ್ ಗೂಡಿನಲ್ಲೇ ಇದ್ದರೂ ಯಂತ್ರ ರೆಡಿ ಆಗಿ ಕೂತಿರುತ್ತದೆ. ಸ್ವಿಚ್ಚನ್ನು ಉಲ್ಟಾ ಮಾಡಿ ನೋಡಿ. ಮನೆಯ ಫ್ರಿಜ್ ಬಲ್ಬಿನ ಲೆಕ್ಕ ಇದೇ. ಬಾಗಿಲು ತೆಗೆದಾಗ ಸಂಪರ್ಕ ಕೂಡುತ್ತದೆ, ಬಲ್ಬ್ ಹತ್ತುತ್ತದೆ. ವೈರ್ ಹರಿದರೆ ಬಲ್ಬ್ ಹತ್ತುವುದೇ ಇಲ್ಲ. ರಿಮೋಟ್ ಹೊರಬಂದಾಗ ಮಾತ್ರ ಕೂಡುವ ಸ್ವಿಚ್ ಇದ್ದರೆ, ವೈರ್ ಹರಿದಾಗ ಯಂತ್ರ ತೆಪ್ಪಗಾಗುತ್ತದೆ. ಎಕ್ಸ್‌ರೇ ತಡವಾದೀತು, ಆದರೆ ಯಾರ ಮೇಲೂ ಬೇಡದ ಕಿರಣ ಬೀಳುವುದಿಲ್ಲ.

ಇನ್ನೂ ಒಂದು ತೂತು ಇದೆ. ಸ್ವಿಚ್ ಕೂಡಿದ ಸ್ಥಿತಿಯಲ್ಲೇ ಅಂಟಿಕೊಂಡರೆ? ಅದಕ್ಕೆ ಎರಡು ಸ್ವಿಚ್ ಹಾಕಬೇಕು, ಒಂದು ಕೂಡಿದಾಗ ಇನ್ನೊಂದು ಬಿಡುವಂತೆ. ಎರಡೂ ಒಂದೇ ಮಾತು ಹೇಳಿದರೆ ಎಲ್ಲೋ ಕೆಟ್ಟಿದೆ ಎಂದು ಯಂತ್ರ ನಿಲ್ಲಬೇಕು. ಅಯಸ್ಕಾಂತವೇ ಉದುರಿ ಹೋದರೆ ಎರಡೂ ಸ್ವಿಚ್ ಮೋಸ ಹೋಗುತ್ತವೆ. ಆಗ ಕಾಪಾಡುವುದು ಗೂಡಿನಲ್ಲಿ ರಿಮೋಟನ್ನು ಚಾರ್ಜ್ ಮಾಡುವ ಪಿನ್. ಚಾರ್ಜ್ ಆಗುತ್ತಿರುವಾಗ ರಿಮೋಟ್ ತಾನೇ ಸಿಗ್ನಲ್ ಕಳಿಸಬಾರದು. ಈ ಎರಡು ತಡೆ ಒಂದನ್ನೊಂದು ನಂಬಿಕೊಂಡಿಲ್ಲ, ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಇದೇ.

ನಮ್ಮ ಕಡೆಗೆ ಗೂಡು ಮಾಡುವವರು ಇನ್ನೆರಡು ವಿಷಯ ನೋಡಲೇಬೇಕು. ಒಂದು ಬಿಸಿಲು. ಏಪ್ರಿಲ್-ಮೇನಲ್ಲಿ ಇಲ್ಲಿ 42-43 ಡಿಗ್ರಿ ಸಾಮಾನ್ಯ. ಬಹಳಷ್ಟು ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಕಿಟಕಿ ಪಕ್ಕ ನಿಲ್ಲಿಸಿದ ಯಂತ್ರದ ಗೂಡು ಆ ಗೆರೆ ದಾಟುವುದು ಕಷ್ಟವೇನಲ್ಲ. ಗಾಳಿ ಆಡಬೇಕು, ಬಿಸಿ ಜಾಸ್ತಿಯಾದರೆ ಚಾರ್ಜಿಂಗ್ ತಾನಾಗಿ ನಿಲ್ಲಬೇಕು. ಇನ್ನೊಂದು ಶಹಾಬಾದ್ ಕಲ್ಲಿನ ನೆಲ. ಅದರ ಮೇಲೆ ಬಿದ್ದ ಪ್ಲಾಸ್ಟಿಕ್ ಉಳಿಯುವುದು ಅಪರೂಪ. ಕೈಗೆ ಸಿಕ್ಕಿಸುವ ದಾರ, ಮೂಲೆಗಳಿಗೆ ರಬ್ಬರ್ ಬೇಕೇ ಬೇಕು.

ಇಷ್ಟಾದರೂ ರಿಮೋಟ್ ಕಳೆಯುತ್ತದೆ. ಗೂಡು ಖಾಲಿ, ಯಂತ್ರಕ್ಕೆ ಅದು "ಹೊರಗಿದೆ" ಎಂದೇ ಕಾಣುತ್ತದೆ. ಹಾಗಾಗಿ ಹೊರಬಂದ ಕೆಲವೇ ನಿಮಿಷಕ್ಕೆ ರೆಡಿ ಸ್ಥಿತಿ ಮುಗಿಯಬೇಕು. ಮತ್ತೆ ಬೇಕೆಂದರೆ ಟೆಕ್ನಿಷಿಯನ್ ಯಂತ್ರದ ಬಳಿ ಬಂದು ಕೀಲಿ ತಿರುಗಿಸಬೇಕು. ಆ ಕೀಲಿ ಆಫ್ ಮಾಡಿದಾಗ ಮಾತ್ರ ಕೈಗೆ ಬರುವಂಥದ್ದಾಗಿರಬೇಕು, ಇಲ್ಲವಾದರೆ ಆನ್ ಇಟ್ಟೇ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋಗಿಬಿಡುತ್ತಾರೆ. ಪ್ರತಿ ರಿಮೋಟಿಗೂ ಅದರದೇ ಗುರುತು ಇರಬೇಕು, ಕಳೆದ ದಿನವೇ ಆ ಗುರುತನ್ನು ಯಂತ್ರದಿಂದ ಅಳಿಸಬೇಕು. ಹೊಸದು ಬರುವ ತನಕ ಉದ್ದ ವೈರಿನ ಹಳೆ ಬಟನ್ನೇ ಸಾಕು.